ಪಾಠ ಮುಗಿಸಿ ಹೊರಟ ಮಾಸ್ತರರು

1947ರ ಆಗಸ್ಟ್ 15. ದೇಶದ ತುಂಬ ತ್ರಿವರ್ಣ ಧ್ವಜ ಹಾರಿಸಿ ಸಿಹಿ ಹಂಚಿದ ದಿನ. ಅದೇ ದಿನ ಹೈದರಾಬಾದಿನಲ್ಲಿ ಅದೇ ಧ್ವಜ ಹಾರಿಸಿದ್ದಕ್ಕೆ ಕಾವಿ ಉಟ್ಟ ಒಬ್ಬರು ಜೈಲು ಸೇರಿದರು. ಅವರಿಗೆ ಆಗ 43 ವರ್ಷ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರು. ಅದಕ್ಕೆ ಹತ್ತು ವರ್ಷ ಮುಂಚೆ ಹೋಗಿ ನೋಡಿದರೆ, ಅವರು ಸಣ್ಣ ಊರೊಂದರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮಾಸ್ತರರು.

ಅವರ ಹೆಸರು ಸ್ವಾಮಿ ರಮಾನಂದ ತೀರ್ಥ. ಕೆಎಎಸ್, ಎಫ್‌ಡಿಎ, ಪಿಎಸ್‌ಐ ಎಂದು ಪರೀಕ್ಷೆಗಳ ಬೆನ್ನು ಹತ್ತಿರುವ ಗೆಳೆಯರಿಗೆ ಈ ಹೆಸರು ಪರಿಚಿತ. ನೋಟ್ಸಿನಲ್ಲಿ ಎರಡೇ ಸಾಲು: ಹೈದರಾಬಾದ್ ವಿಮೋಚನಾ ಹೋರಾಟದ ನಾಯಕ, ಮೂಲ ಹೆಸರು ವೆಂಕಟೇಶ ಖೇಡಗೀಕರ್. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಎರಡು ಸಾಲಿನ ಆಚೆ ಇರುವ ಮನುಷ್ಯನ ಬಗ್ಗೆ ಓದುತ್ತಾ ಹೋದ ಹಾಗೆ, ಇಂದಿನ ಯಾವ ನಾಯಕರಲ್ಲೂ ಕಾಣದ ಒಂದು ಗುಣ ನನಗೆ ಅವರಲ್ಲಿ ಕಂಡಿತು. ಅದನ್ನು ಹಂಚಿಕೊಳ್ಳಲು ಈ ಬರಹ.

ಓದಲು ಕಾರಣವಾದದ್ದು ಹಾಸ್ಟೆಲಿನ ಒಂದು ಮಾತು. ನಾನು ಕಲಬುರಗಿ ಜಿಲ್ಲೆಯವನು. ಬೆಂಗಳೂರಿನಲ್ಲಿ ಬಿಇ ಓದುತ್ತಿದ್ದೇನೆ. ಸೀಟು ಸಿಕ್ಕಿದ್ದು 371(ಜೆ) ಪ್ರಮಾಣಪತ್ರದ ಮೇಲೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟು ನಮ್ಮವರಿಗೆ ಮೀಸಲು. ಮೈಸೂರಿನ ಕಡೆಯ ಗೆಳೆಯನೊಬ್ಬ ಒಂದು ರಾತ್ರಿ, ‘ಎಲ್ಲರೂ ಕರ್ನಾಟಕದವರೇ ತಾನೆ? ನಿಮಗೆ ಮಾತ್ರ ಯಾಕೆ ಬೇರೆ ಲೆಕ್ಕ?’ ಎಂದು ಕೇಳಿದ. ಅವನು ಜಗಳಕ್ಕೆ ಕೇಳಿದ್ದಲ್ಲ, ತಿಳಿಯಲಿಕ್ಕೆ ಕೇಳಿದ್ದು. ಅದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಹೇಳಲು ಬರುವುದಿಲ್ಲ. ಉತ್ತರ ಶುರುವಾಗುವುದು ನಿಜಾಮರ ರಾಜ್ಯದಿಂದ.

ಮೂರು ಭಾಷೆ, ಒಂದು ದಫ್ತರು

ನಿಜಾಮರ ಹೈದರಾಬಾದ್ ಬ್ರಿಟಿಷರ ಕೈಕೆಳಗಿದ್ದ ಸಂಸ್ಥಾನಗಳಲ್ಲೆಲ್ಲ ದೊಡ್ಡ ಹೆಸರಿನದು. ಹದಿನಾರು ಜಿಲ್ಲೆ, ಸುಮಾರು 82 ಸಾವಿರ ಚದರ ಮೈಲಿ ವಿಸ್ತೀರ್ಣ. ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೆಲುಗರು, ಕಾಲು ಭಾಗ ಮರಾಠಿಗರು, ನೂರಕ್ಕೆ ಸುಮಾರು ಹನ್ನೆರಡು ಕನ್ನಡಿಗರು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಲ್ಲಿ ಕನ್ನಡ ಮನೆಮಾತು. ಈಗಿನ ಕೊಪ್ಪಳ ಆಗ ರಾಯಚೂರಿನೊಳಗೆ, ಯಾದಗಿರಿ ಕಲಬುರಗಿಯೊಳಗೆ. ಇಷ್ಟೆಲ್ಲ ಇದ್ದರೂ ದಫ್ತರಿನ ಭಾಷೆ ಒಂದೇ, ಉರ್ದು. ಕೋರ್ಟು, ಕಂದಾಯ, ಪೊಲೀಸ್ ಎಲ್ಲದಕ್ಕೂ ಅದೇ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಕೆಯ ಮಾಧ್ಯಮವೂ ಅದೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಇಂಗ್ಲಿಷ್ ಬಿಟ್ಟು ದೇಶೀ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಕೀಯ ಕಲಿಸಲು ಹೊರಟದ್ದು ಸಣ್ಣ ಸಾಹಸವಲ್ಲ. ಅದಕ್ಕೆ ಉಸ್ಮಾನಿಯಾವನ್ನು ಮೆಚ್ಚಲೇಬೇಕು. ಆದರೆ ಆಳಂದದ ಒಕ್ಕಲಿಗನ ಮಗನಿಗೋ, ನಲ್ಗೊಂಡದ ಕೂಲಿಯವನ ಮಗಳಿಗೋ ಆ ಭಾಷೆ ಇಂಗ್ಲಿಷಿನಷ್ಟೇ ದೂರ. ಓದು ಮೇಲಕ್ಕೆ ಹೋದಂತೆಲ್ಲ ಮನೆಮಾತು ಕೆಳಗೇ ಉಳಿಯುತ್ತಿತ್ತು.

ಇನ್ನು ರಾಜಕೀಯದ ಮಾತು ಎತ್ತುವ ಹಾಗೇ ಇರಲಿಲ್ಲ. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗೆ ಮೊದಲೇ ಅನುಮತಿ ಬೇಕು. ಖಾಸಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಇಂಥ ಕಡೆ ಜನ ಎಲ್ಲಿ ಸೇರಬೇಕು, ಏನು ಮಾತಾಡಬೇಕು?

ಸೇರಿದ್ದು ಶಾಲೆಗಳಲ್ಲಿ. ಸಭೆಗೆ ಪ್ರತಿಸಲ ಅನುಮತಿ ಕೇಳಬೇಕು, ತರಗತಿ ಮಾತ್ರ ದಿನಾ ನಡೆಯುತ್ತದೆ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಹುಟ್ಟಿತ್ತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ಮರಾಠವಾಡಾದಲ್ಲೂ ಇಂಥವೇ ರಾಷ್ಟ್ರೀಯ ಶಾಲೆಗಳು ಎದ್ದವು. ಹೈದರಾಬಾದಿನ ಹೋರಾಟದಲ್ಲಿ ಇಷ್ಟೊಂದು ಮಾಸ್ತರರು ಯಾಕೆ ಸಿಗುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿದೆ. ಬೇರೆ ಪ್ರಾಂತ್ಯಗಳಲ್ಲಿ ವಕೀಲರು ಮಾಡಿದ ಕೆಲಸವನ್ನು ಇಲ್ಲಿ ಬಹುಪಾಲು ಶಾಲಾ ಮಾಸ್ತರರು ಮಾಡಿದರು.

ಸಿಂದಗಿಯಿಂದ ಹಿಪ್ಪರ್ಗಾಕ್ಕೆ

ವೆಂಕಟೇಶ ಖೇಡಗೀಕರ್ ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಅದು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಂದರೆ ನಿಜಾಮರ ಪ್ರಜೆಯಾಗಿ ಹುಟ್ಟಿದವರಲ್ಲ, ಗಡಿಯ ಈಚೆ ಹುಟ್ಟಿದವರು. 1920ರಲ್ಲಿ ತಿಲಕರು ತೀರಿಕೊಂಡಾಗ ಅವರಿನ್ನೂ ಶಾಲಾ ಹುಡುಗ. ಮದುವೆಯಾಗದೆ ದೇಶದ ಕೆಲಸಕ್ಕೆ ನಿಲ್ಲುತ್ತೇನೆಂದು ಆಗಲೇ ಸಂಕಲ್ಪ ಮಾಡಿದರು. ಅಸಹಕಾರ ಚಳವಳಿಯ ಗಾಳಿ ಬೀಸಿದಾಗ ಸರ್ಕಾರಿ ಶಾಲೆ ಬಿಟ್ಟರು, ಮುಂದೆ ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಓದಿದರು. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ಕೆಲವು ಕಾಲ ಕೆಲಸ ಮಾಡಿದರು. ಗಿರಣಿ ಕಾರ್ಮಿಕರ ಬದುಕನ್ನು ಹತ್ತಿರದಿಂದ ಕಂಡದ್ದು ಆಗ.

ಆ ದಾರಿಯಲ್ಲೇ ಮುಂದುವರಿದಿದ್ದರೆ ಮುಂಬಯಿಯಲ್ಲೋ ದಿಲ್ಲಿಯಲ್ಲೋ ಹೆಸರು ಮಾಡುತ್ತಿದ್ದರೇನೋ. ಆದರೆ ಆರೋಗ್ಯ ಕೈಕೊಟ್ಟಿತು. ಚೇತರಿಸಿಕೊಂಡು 1929ರ ಹೊತ್ತಿಗೆ ಅವರು ಬಂದು ಸೇರಿದ್ದು ನಿಜಾಮರ ಸೀಮೆಯ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರ್ಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ. ಸಂನ್ಯಾಸ ತೆಗೆದುಕೊಂಡು ರಮಾನಂದ ತೀರ್ಥರಾದದ್ದು ಅಲ್ಲಿದ್ದಾಗಲೇ. ಸಂನ್ಯಾಸಿಯಾದ ಮೇಲೆ ಮಠ ಕಟ್ಟಲಿಲ್ಲ, ಶಾಲೆಯಲ್ಲೇ ಉಳಿದರು. 1935ರಲ್ಲಿ ಅಂಬಾಜೋಗಾಯಿಯ ಯೋಗೇಶ್ವರಿ ವಿದ್ಯಾಲಯಕ್ಕೆ ಬಂದರು. ಆ ಊರಿಗೆ ಆಗ ಮೋಮಿನಾಬಾದ್ ಎಂಬ ಹೆಸರು.

ಈ ಹತ್ತು ವರ್ಷ ಅವರ ಜೀವನಚರಿತ್ರೆಗಳಲ್ಲಿ ಬೇಗ ಮುಗಿದುಹೋಗುತ್ತದೆ. ಮೆರವಣಿಗೆ ಇಲ್ಲ, ಲಾಠಿ ಇಲ್ಲ, ಹೇಳುವುದಕ್ಕೆ ಕತೆ ಇಲ್ಲ. ನನಗೆ ಮಾತ್ರ ಇದೇ ಮುಖ್ಯ ಎನಿಸುತ್ತದೆ. ಇಪ್ಪತ್ತೈದರಿಂದ ಮೂವತ್ತೈದರವರೆಗಿನ ವಯಸ್ಸನ್ನು, ಅಂದರೆ ನಾವೆಲ್ಲ ‘ಸೆಟಲ್’ ಆಗಬೇಕೆಂದು ಒದ್ದಾಡುವ ವಯಸ್ಸನ್ನು, ಅವರು ಹಳ್ಳಿ ಮಕ್ಕಳ ಮುಂದೆ ನಿಂತು ಕಳೆದರು. ಹೋರಾಟ ಶುರುವಾದಾಗ ಅವರ ಹಿಂದೆ ನಡೆಯಲು ಜನ ಇದ್ದರು. ಆ ಜನ ಎಲ್ಲಿಂದಲೋ ಬಂದವರಲ್ಲ, ಹತ್ತು ವರ್ಷ ಅವರ ಶಾಲೆಗಳ ಒಳಗೂ ಹೊರಗೂ ಬೆಳೆದವರು.

ಆರಂಭಿಸುವುದೂ ನಿಲ್ಲಿಸುವುದೂ

1938ರಲ್ಲಿ ಅವರು ಶಾಲೆ ಬಿಟ್ಟು ಪೂರ್ತಿ ರಾಜಕೀಯಕ್ಕೆ ಇಳಿದರು. ಜವಾಬ್ದಾರಿ ಸರ್ಕಾರ ಬೇಕು, ಅಂದರೆ ಜನರಿಂದ ಆಯ್ಕೆಯಾಗಿ ಜನರಿಗೆ ಉತ್ತರ ಹೇಳುವ ಸರ್ಕಾರ ಬೇಕು ಎಂಬುದು ಬೇಡಿಕೆ. ಅದಕ್ಕಾಗಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ತಯಾರಿ ನಡೆಯಿತು. ಸಂಸ್ಥೆ ಹುಟ್ಟುವ ಮೊದಲೇ, ಸೆಪ್ಟೆಂಬರ್ ತಿಂಗಳಲ್ಲಿ ನಿಜಾಮ್ ಸರ್ಕಾರ ಅದನ್ನು ನಿಷೇಧಿಸಿತು. ಇನ್ನೂ ಹುಟ್ಟದ ಸಂಸ್ಥೆಯ ಮೇಲೆ ನಿಷೇಧ!

ಅಕ್ಟೋಬರ್ 24ರಿಂದ ಸತ್ಯಾಗ್ರಹ ಆರಂಭವಾಯಿತು. ‘ನಾವು ಸ್ಟೇಟ್ ಕಾಂಗ್ರೆಸ್ಸಿನ ಸದಸ್ಯರು’ ಎಂದು ಬಹಿರಂಗವಾಗಿ ಹೇಳುವುದೇ ಅಪರಾಧ, ಹೇಳಿ ಜೈಲಿಗೆ ಹೋಗುವುದೇ ಸತ್ಯಾಗ್ರಹ. ತಂಡ ತಂಡವಾಗಿ ಜನ ಹೋದರು. ಸ್ವಾಮೀಜಿಗೆ 18 ತಿಂಗಳ ಶಿಕ್ಷೆಯಾಯಿತು.

ಎರಡು ತಿಂಗಳಿಗೆ, ಡಿಸೆಂಬರ್ 24ಕ್ಕೆ, ಗಾಂಧೀಜಿಯ ಸಲಹೆಯಂತೆ ಈ ಸತ್ಯಾಗ್ರಹವನ್ನು ನಿಲ್ಲಿಸಲಾಯಿತು. ಅದಕ್ಕೆ ಕಾರಣ ಈಗಲೂ ಯೋಚಿಸುವಂಥದ್ದು. ಅದೇ ಹೊತ್ತಿಗೆ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭಾ ತಮ್ಮದೇ ಸತ್ಯಾಗ್ರಹ ನಡೆಸುತ್ತಿದ್ದವು. ಅವುಗಳ ಬೇಡಿಕೆ ಧರ್ಮಕ್ಕೆ ಸಂಬಂಧಿಸಿದ್ದು. ಸ್ಟೇಟ್ ಕಾಂಗ್ರೆಸ್ಸಿನದು ಪ್ರಜಾಪ್ರಭುತ್ವದ ಬೇಡಿಕೆ. ಎರಡೂ ಒಂದರೊಳಗೊಂದು ಬೆರೆತರೆ, ರಾಜನ ವಿರುದ್ಧದ ಹೋರಾಟ ಮುಸ್ಲಿಮರ ವಿರುದ್ಧದ ಹೋರಾಟ ಎಂದು ಕಾಣುವ ಅಪಾಯವಿತ್ತು. ಜನ ಉತ್ಸಾಹದಲ್ಲಿದ್ದಾಗ ಚಳವಳಿ ನಿಲ್ಲಿಸುವುದು ಶುರು ಮಾಡಿದ್ದಕ್ಕಿಂತ ಕಷ್ಟ. ಜೈಲಿನಲ್ಲಿದ್ದವರಿಗೆ ಬೇಸರ, ಹೊರಗಿದ್ದವರಿಗೆ ಸಿಟ್ಟು. ಆದರೂ ಸಂಘಟನೆ ಒಡೆಯಲಿಲ್ಲ.

ಅದೇ ಚಳಿಗಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ನಮ್ಮ ನಿಮ್ಮ ವಯಸ್ಸಿನವರು ವಂದೇ ಮಾತರಂ ಹಾಡಿದರು. ಹಾಡಬಾರದು ಎಂದಾಗ ತರಗತಿ ಬಿಟ್ಟರು. ನೂರಾರು ಮಂದಿಯನ್ನು ಹೊರಹಾಕಲಾಯಿತು. ಅವರಲ್ಲಿ ಹಲವರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಹಾಗೆ ನಾಗಪುರಕ್ಕೆ ಹೋಗಿ ಓದಿದ ಹುಡುಗರಲ್ಲಿ ಒಬ್ಬರು ಪಿ.ವಿ. ನರಸಿಂಹ ರಾವ್. ಮುಂದೆ ದೇಶದ ಪ್ರಧಾನಿಯಾದ ಅವರು ಸ್ವಾಮೀಜಿಯ ಗರಡಿಯಲ್ಲಿ ಬೆಳೆದವರು. ಒಂದು ಡಿಗ್ರಿ ಕೈತಪ್ಪುವುದೆಂದರೆ ಏನೆಂದು ನಮಗೆ ಗೊತ್ತು. ಅಟೆಂಡೆನ್ಸ್ ಕಡಿಮೆಯಾದರೇ ನಮಗೆ ನಿದ್ದೆ ಬರುವುದಿಲ್ಲ. ಆ ಹುಡುಗರು ಅದನ್ನು ಪಣಕ್ಕಿಟ್ಟರು.

ಹಾವಳಿಯ ವರ್ಷ

ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ಎದ್ದದ್ದು ಎಂಟು ವರ್ಷಗಳ ನಂತರ, 1946ರಲ್ಲಿ. 1947ರ ಜೂನ್‌ನಲ್ಲಿ ಅದರ ಮೊದಲ ಬಹಿರಂಗ ಅಧಿವೇಶನ ಹೈದರಾಬಾದಿನಲ್ಲಿ ನಡೆಯಿತು. ಅಧ್ಯಕ್ಷತೆ ಸ್ವಾಮೀಜಿಯವರದು. ಅದೇ ತಿಂಗಳು ನಿಜಾಮರು ತಾವು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ, ಸ್ವತಂತ್ರವಾಗಿರುತ್ತೇವೆ ಎಂದು ಫರ್ಮಾನು ಹೊರಡಿಸಿದ್ದರು. ಆಗಸ್ಟ್ 15ರ ಧ್ವಜ, ಅದಕ್ಕೆ ಜೈಲು, ಇದೆಲ್ಲ ಈ ಹಿನ್ನೆಲೆಯಲ್ಲಿ ನಡೆದದ್ದು. ನವೆಂಬರ್ ಕೊನೆಯಲ್ಲಿ ಭಾರತ ಸರ್ಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾದಾಗ ಸ್ವಾಮೀಜಿಯ ಬಿಡುಗಡೆಯಾಯಿತು. 1948ರ ಜನವರಿಯಲ್ಲಿ ಮತ್ತೆ ಬಂಧನ. ಸೆಪ್ಟೆಂಬರ್‌ವರೆಗೆ ಅವರು ಒಳಗೇ ಇದ್ದರು.

ಅವರು ಒಳಗಿದ್ದ ಆ ತಿಂಗಳುಗಳಲ್ಲಿ ಹೊರಗೆ ಎಲ್ಲವೂ ಹೊತ್ತಿ ಉರಿಯಿತು. ಲಾತೂರಿನ ವಕೀಲ ಕಾಸಿಂ ರಜ್ವಿಯ ನೇತೃತ್ವದಲ್ಲಿ ರಜಾಕಾರರ ಪಡೆ ಹಳ್ಳಿ ಹಳ್ಳಿಗೆ ನುಗ್ಗಿತು. ತೆಲಂಗಾಣದಲ್ಲಿ ಕಮ್ಯುನಿಸ್ಟರ ಮುಂದಾಳತ್ವದಲ್ಲಿ ರೈತರು ದೇಶಮುಖರ ವಿರುದ್ಧ ಬಂದೂಕು ಹಿಡಿದಿದ್ದರು. ನಮ್ಮ ಗಡಿಯಲ್ಲಿ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರವನ್ನು ನಡೆಸಿದವರು ಅಳವಂಡಿ ಶಿವಮೂರ್ತಿಸ್ವಾಮಿಗಳು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಆ ಭಾಗದವರು ಈಗಲೂ ಮರೆತಿಲ್ಲ. ಭಾರತಕ್ಕೆ ಸೇರುವುದೇ ಸರಿ ಎಂದು ತಮ್ಮ ‘ಇಮ್ರೋಜ್’ ಪತ್ರಿಕೆಯಲ್ಲಿ ಬರೆದ ಶೋಯೆಬುಲ್ಲಾ ಖಾನ್ ಎಂಬ ಯುವ ಸಂಪಾದಕರನ್ನು ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಕೊಲ್ಲಲಾಯಿತು. ಇದು ಎರಡು ಧರ್ಮಗಳ ಜಗಳ ಎಂದು ಸುಲಭವಾಗಿ ಹೇಳುವವರು ಈ ಹೆಸರನ್ನೂ ನೆನಪಿಡಬೇಕು.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳಬಂತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಅದಕ್ಕೇ ಸೆಪ್ಟೆಂಬರ್ 17 ನಮಗೆ ವಿಮೋಚನಾ ದಿನ. ಅದಾದ ಮೇಲೆ ನಡೆದದ್ದನ್ನೂ ಹೇಳದಿದ್ದರೆ ಕತೆ ಅರ್ಧವೇ. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಸೇನಾ ಕಾರ್ಯಾಚರಣೆಯ ವೇಳೆ ಮತ್ತು ನಂತರ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಸಾಮಾನ್ಯ ಮುಸ್ಲಿಮರು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿ, ಬೀದರ್ ಎರಡೂ ಇವೆ.

ನಮ್ಮ ಮುತ್ಯಾನಿಗೆ ಆಗ ಹತ್ತು ವರ್ಷ. ಅವನು ಆ ಕಾಲವನ್ನು ‘ಹಾವಳಿ’ ಎಂದೇ ಕರೆಯುತ್ತಾನೆ. ‘ರಜಾಕಾರ್ರು ಬರ್ತಾರಂತ ರಾತ್ರಿ ಹೊಲದಾಗ ಮಲಗ್ತಿದ್ವಿ’ ಎನ್ನುತ್ತಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೊಲೀಸ್ ಆ್ಯಕ್ಷನ್ ಆದ ಮ್ಯಾಲ ನಮ್ಮ ಓಣ್ಯಾಗ ಎರಡು ಮನಿ ಖಾಲಿ ಆದವು. ಅವರೇನೂ ಮಾಡಿದ್ದಿಲ್ಲಪ್ಪಾ. ತಿರುಗಿ ಬರಲಿಲ್ಲ’ ಎಂದೂ ಸೇರಿಸುತ್ತಾನೆ. 1938ರಲ್ಲಿ ಸತ್ಯಾಗ್ರಹ ನಿಲ್ಲಿಸಿದ್ದರ ಅರ್ಥ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿದದ್ದು ಈ ಮಾತಿನಿಂದ. ಹತ್ತು ವರ್ಷ ಮೊದಲೇ ಯಾವುದಕ್ಕೆ ಹೆದರಿ ಚಳವಳಿ ನಿಲ್ಲಿಸಿದ್ದರೋ, ಅದೇ ಕೊನೆಗೆ ನಡೆದುಹೋಯಿತು.

ಗೆದ್ದ ಮೇಲೆ ಏನು ಮಾಡಿದರು?

ನಾಯಕರನ್ನು ಅಳೆಯಬೇಕಾದ್ದು ಗೆದ್ದ ಮೇಲೆ. ಜೈಲಿಗೆ ಹೋದವರು ಬಹಳ, ಹೊರಗೆ ಬಂದು ಕುರ್ಚಿ ಕಂಡಾಗ ಹಾಗೇ ಉಳಿದವರು ಕಡಿಮೆ.

1948ರ ನಂತರ ಹೈದರಾಬಾದ್ ಭಾರತದ ಒಂದು ರಾಜ್ಯವಾಯಿತು. ಮೂರು ಭಾಷೆಯ ದೊಡ್ಡ ರಾಜ್ಯ, ಸಿದ್ಧವಾಗಿದ್ದ ರಾಜಧಾನಿ, ಜನರೆಲ್ಲ ಹೆಸರು ಬಲ್ಲ ಪಕ್ಷ. ಆ ಪಕ್ಷದೊಳಗೆ ಬಣ ಜಗಳಗಳು ಜೋರಾಗಿಯೇ ಇದ್ದವು. ಸ್ವಾಮೀಜಿಯವರದು ಒಂದು ಬಣ, ಬೂರ್ಗುಲ ರಾಮಕೃಷ್ಣ ರಾವ್ ಅವರದು ಇನ್ನೊಂದು. ಅವರನ್ನು ಈ ಜಗಳಗಳಿಂದ ಮೇಲಿದ್ದ ದೇವರೆಂದು ಹೇಳಲು ನಾನು ಹೊರಟಿಲ್ಲ. 1952ರ ಚುನಾವಣೆಯ ನಂತರ ಮುಖ್ಯಮಂತ್ರಿಯಾದವರು ಬೂರ್ಗುಲ. ಸ್ವಾಮೀಜಿ ಮಂತ್ರಿಯಾಗಲಿಲ್ಲ. ನಮ್ಮ ಕಲಬುರಗಿ ಕ್ಷೇತ್ರದಿಂದಲೇ ಗೆದ್ದು ಮೊದಲ ಲೋಕಸಭೆಗೆ ಹೋದರು.

ಆಮೇಲೆ ಅವರು ಹಿಡಿದ ಹಟ ನೋಡಿ. ಹೈದರಾಬಾದ್ ರಾಜ್ಯ ಉಳಿಯಬಾರದು, ಭಾಷೆಗೆ ತಕ್ಕಂತೆ ಮೂರು ಭಾಗವಾಗಿ ಆಯಾ ಭಾಷೆಯ ರಾಜ್ಯಗಳಿಗೆ ಸೇರಬೇಕು ಎಂದು ವಾದಿಸಿದರು. ನೆಹರೂ ಅವರಿಗೆ ಹೈದರಾಬಾದನ್ನು ಒಡೆಯುವುದು ಇಷ್ಟವಿರಲಿಲ್ಲ. ಹಲವು ಭಾಷೆ, ಹಲವು ಧರ್ಮ ಕೂಡಿ ಬಾಳಿದ ನೆಲ ಅದು ಎಂಬುದು ಅವರ ಭಾವನೆ. ಸ್ವಂತ ಪಕ್ಷದಲ್ಲೂ ವಿರೋಧ ಇತ್ತು. ಸ್ವಾಮೀಜಿ ಬಗ್ಗಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂತು. 1956ರ ನವೆಂಬರ್ 1ರಂದು ಮರಾಠವಾಡಾ ಮುಂಬಯಿ ರಾಜ್ಯಕ್ಕೆ, ತೆಲಂಗಾಣ ಆಂಧ್ರಪ್ರದೇಶಕ್ಕೆ, ಕನ್ನಡದ ಭಾಗ ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದ್ ರಾಜ್ಯ ನಕಾಶೆಯಿಂದ ಹೋಯಿತು.

ಇದನ್ನು ನಮ್ಮ ಕಾಲದ ಕಣ್ಣಿಂದ ನೋಡಿ. ಒಬ್ಬ ನಾಯಕ ತನ್ನ ಹೆಸರು ನಡೆಯುವ ಇಡೀ ರಾಜ್ಯವನ್ನೇ ಇಲ್ಲವಾಗಿಸಲು ಹೋರಾಡುತ್ತಾನೆ. ಮೂರು ಭಾಗವಾದ ಮೇಲೆ ಯಾವ ಭಾಗಕ್ಕೂ ಅವನು ಪೂರ್ತಿ ‘ನಮ್ಮವನು’ ಅಲ್ಲ. ಹುಟ್ಟಿದ್ದು ಕನ್ನಡದ ನೆಲದಲ್ಲಿ, ಕಲಿಸಿದ್ದು ಮರಾಠಿ ನೆಲದಲ್ಲಿ, ಕೊನೆಯುಸಿರೆಳೆದದ್ದು ತೆಲುಗು ನೆಲದಲ್ಲಿ. ಒಂದೇ ರಾಜ್ಯವಿದ್ದಾಗ ಇದು ಅವರ ಬಲವಾಗಿತ್ತು. ಹಂಚಿಕೆಯಾದ ಮೇಲೆ ಇದರಿಂದ ಮತ ಬರುವುದಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೇ?

ಇಲ್ಲಿಯೇ ನನಗೆ ಮಾಸ್ತರರು ಕಂಡದ್ದು. ಮಾಸ್ತರಿಕೆಯಲ್ಲಿ ಒಂದು ವಿಚಿತ್ರವಿದೆ. ಆ ಕೆಲಸ ಚೆನ್ನಾಗಿ ಮಾಡಿದಷ್ಟೂ ವಿದ್ಯಾರ್ಥಿಗೆ ಮಾಸ್ತರರ ಅಗತ್ಯ ಕಡಿಮೆಯಾಗುತ್ತದೆ. ಲೆಕ್ಕ ತಾನೇ ಬಿಡಿಸಲು ಬಂದ ದಿನ ಹುಡುಗ ಮುಂದಿನ ತರಗತಿಗೆ ಹೋಗುತ್ತಾನೆ, ಮಾಸ್ತರರು ಅದೇ ಕೋಣೆಯಲ್ಲಿ ಉಳಿಯುತ್ತಾರೆ. ಅದನ್ನೇ ಅವರು ಗೆಲುವು ಎಂದುಕೊಳ್ಳುತ್ತಾರೆ. ರಾಜಕೀಯ ಇದಕ್ಕೆ ಉಲ್ಟಾ. ಜನರಿಗೆ ತನ್ನ ಅಗತ್ಯ ಮುಗಿಯದ ಹಾಗೆ ನೋಡಿಕೊಳ್ಳುವುದೇ ಅಲ್ಲಿ ಜಾಣತನ. ರಮಾನಂದ ತೀರ್ಥರು ರಾಜಕೀಯಕ್ಕೆ ಬಂದರೂ ಶಾಲೆಯ ಆ ರೂಢಿ ಬಿಡಲಿಲ್ಲ. ಜನ ತಮ್ಮ ಮಾತಿನಲ್ಲಿ ಓದಬೇಕು, ತಮ್ಮ ಮಾತಿನಲ್ಲಿ ಅರ್ಜಿ ಬರೆಯಬೇಕು, ತಮ್ಮ ಮಾತಿನ ಸರ್ಕಾರವನ್ನು ತಾವೇ ಪ್ರಶ್ನಿಸಬೇಕು. ಅದಾದರೆ ನಡುವೆ ತಾವು ಬೇಕಿಲ್ಲ. ಹಾಗಿತ್ತು ಅವರ ಲೆಕ್ಕ.

ಗೆಳೆಯನ ಪ್ರಶ್ನೆಗೆ ಉತ್ತರ

ಅವರ ಲೆಕ್ಕ ಪೂರ್ತಿ ಸರಿಯಾಯಿತೇ? ಹಾಗೆ ಹೇಳಲಾರೆ. ಭಾಷೆ ಒಂದಾದರೆ ಬದುಕೂ ಒಂದೇ ಮಟ್ಟಕ್ಕೆ ಬರುತ್ತದೆ ಎಂಬ ನಂಬಿಕೆ ಆಗ ಎಲ್ಲರಲ್ಲೂ ಇತ್ತು. ಬರಲಿಲ್ಲ. ಒಂದೇ ಭಾಷೆಯೆಂದು ಆಂಧ್ರಕ್ಕೆ ಸೇರಿದ ತೆಲಂಗಾಣ 2014ರಲ್ಲಿ ಬೇರೆಯಾಯಿತು. ನಮ್ಮಲ್ಲಿ 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು. ಏಕೀಕರಣವಾಗಿ 46 ವರ್ಷ ಕಳೆದ ಮೇಲಿನ ಲೆಕ್ಕ ಇದು.

ಮೈಸೂರಿನ ಕಡೆ 1916ರಲ್ಲೇ ವಿಶ್ವವಿದ್ಯಾಲಯ ಬಂತು. ಅಲ್ಲಿನ ಜನ ಪ್ರಜಾಪ್ರತಿನಿಧಿ ಸಭೆಯನ್ನು 1881ರಿಂದಲೇ ಕಂಡಿದ್ದರು. ಅದೇ ಹೊತ್ತಿಗೆ ನಮ್ಮ ಮುತ್ತಜ್ಜಂದಿರಿಗೆ ಒಂದು ಸಭೆ ಸೇರಲು ಅನುಮತಿ ಬೇಕಿತ್ತು. ಓಟದಲ್ಲಿ ಒಬ್ಬರು ಐವತ್ತು ವರ್ಷ ಮುಂದೆ ನಿಂತಿದ್ದಾಗ, ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದ್ದೇವೆ ಎಂದು ಕಾಗದದಲ್ಲಿ ಬರೆದರೆ ಸಾಲದು. 371(ಜೆ) ಆ ಅಂತರ ತುಂಬಲು ಕೊಟ್ಟ ಏಣಿ. ಗೆಳೆಯನಿಗೆ ಇದನ್ನು ಹೇಳಲು ಅವತ್ತು ಎರಡು ಗಂಟೆ ಹಿಡಿಯಿತು. ಕೊನೆಗೆ ಅವನು ‘ಇದನ್ನೆಲ್ಲ ನಮಗೆ ಯಾರೂ ಹೇಳಿಲ್ಲ’ ಎಂದ. ಅವನು ಹೇಳಿದ್ದು ಸತ್ಯ. ಕರ್ನಾಟಕದ ಅರ್ಧದಷ್ಟು ಜನರಿಗೆ ಸೆಪ್ಟೆಂಬರ್ 17 ಎಂದರೆ ಇನ್ನೊಂದು ದಿನ ಅಷ್ಟೇ.

ಆದರೆ ಏಣಿಯ ಬಗ್ಗೆ ನಮ್ಮ ಭಾಗದ ಗೆಳೆಯರಿಗೂ ಒಂದು ಮಾತು ಹೇಳಬೇಕು. ಏಣಿ ಇರುವುದು ಹತ್ತಲಿಕ್ಕೆ, ಮೇಲೆ ಹೋಗಿ ಅಲ್ಲೇ ಕೂರಲಿಕ್ಕಲ್ಲ. ಬೆಂಗಳೂರಿನಲ್ಲಿ ಸೀಟು, ಬೆಂಗಳೂರಿನಲ್ಲೇ ಕೆಲಸ, ಊರಿಗೆ ಜಾತ್ರೆಗೆ ಒಮ್ಮೆ. ಇದು ನಮ್ಮೆಲ್ಲರ ಕನಸು, ನನ್ನದೂ ಹೌದು. ಅದರಲ್ಲಿ ಪಾಪವೇನೂ ಇಲ್ಲ, ಮನೆಯ ಸಾಲ ತೀರಬೇಕಲ್ಲ. ಆದರೂ ಹಿಪ್ಪರ್ಗಾದಂಥ ಹಳ್ಳಿಗೆ ಪುಣೆಯಲ್ಲಿ ಓದಿದ ಒಬ್ಬ ಬಂದು ಕೂತದ್ದರಿಂದ ಏನಾಯಿತು ಎಂದು ನೋಡಿದ ಮೇಲೆ, ಊರ ಶಾಲೆಯ ಹತ್ತನೇ ತರಗತಿಯವರಿಗೆ ರಜೆಯಲ್ಲಿ ಗಣಿತ ಹೇಳಿಕೊಡುವುದು ಸಣ್ಣ ಕೆಲಸ ಎನಿಸುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಾವು ಮೂವರು ಅದನ್ನು ಮಾಡಿದೆವು. ಇಪ್ಪತ್ತೆರಡು ಮಕ್ಕಳು ಬಂದರು. ಅವರಲ್ಲಿ ಹುಡುಗಿಯರೇ ಹೆಚ್ಚು.

ಶಿಕ್ಷಕರ ನೇಮಕಾತಿಗೆ ಓದುತ್ತಿರುವ ಅಕ್ಕ-ಅಣ್ಣಂದಿರು ಈ ಪುಟ ಓದುತ್ತಿರಬಹುದು. ‘ಬೇರೆ ಏನೂ ಸಿಗದಿದ್ದರೆ ಮಾಸ್ತರಿಕೆ’ ಎಂಬ ಮಾತನ್ನು ನೀವು ಕೇಳಿಸಿಕೊಂಡೇ ಇರುತ್ತೀರಿ. ನಮ್ಮ ಸೀಮೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಸಭೆ ಸೇರಲು ಬಿಡದಿದ್ದಾಗ ತರಗತಿ ನಡೆಯಿತು, ಆ ತರಗತಿಗಳಿಂದಲೇ ಒಂದು ರಾಜ್ಯದ ದಿಕ್ಕು ಬದಲಾಯಿತು.

ಸ್ವಾಮಿ ರಮಾನಂದ ತೀರ್ಥರು 1957ರಲ್ಲಿ ಔರಂಗಾಬಾದಿನಿಂದ ಮತ್ತೊಮ್ಮೆ ಲೋಕಸಭೆಗೆ ಹೋದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಅಲ್ಲಿನ ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ, ನಾಂದೇಡಿನ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಅವರಿಗೆ ಮಕ್ಕಳಿಲ್ಲ, ಆಸ್ತಿಯಿಲ್ಲ, ಅವರ ಹೆಸರು ಹೇಳಿ ಟಿಕೆಟ್ ಕೇಳುವ ಮನೆತನವಿಲ್ಲ. ಕಲಬುರಗಿಯ ಹುಡುಗಿಯೊಬ್ಬಳು ತಹಶೀಲ್ದಾರ್ ಕಚೇರಿಯ ಕಿಟಕಿಯ ಮುಂದೆ ನಿಂತು, ಕನ್ನಡದಲ್ಲಿ ಬರೆದ ಅರ್ಜಿ ಕೊಟ್ಟು, ‘ಯಾವಾಗ ಆಗ್ತದ್ರಿ?’ ಎಂದು ಜೋರಾಗಿ ಕೇಳುತ್ತಾಳಲ್ಲ, ಅವಳಿಗೆ ಅವರ ಹೆಸರು ಗೊತ್ತಿಲ್ಲದಿರಬಹುದು. ಆದರೆ ಅವರು ಕಲಿಸಬೇಕೆಂದಿದ್ದ ಪಾಠ ಅವಳಿಗೆ ಬಂದಿದೆ.